ಪಡಿ ಅಳೆದುಕೊಟ್ಟವರಿಗೆ

ಈ ಶ್ರಾವಣಕ್ಕೆ ನಾನು ಯಂತ್ರದಿಂದ ರಕ್ತ ತೊಳೆಸುವ ಡಯಾಲಿಸಿಸ್ ಮಾಡಿಸಿಕೊಳ್ಳಲು ತೊಡಗಿ ಮೂರು ವರ್ಷ ತುಂಬಿತು. 2022ರ ಶ್ರಾವಣದಲ್ಲಿ ಎರಡೂ ಮೂತ್ರಪಿಂಡಗಳು ಸೋತಿವೆಯೆಂದು ವೈದ್ಯರು ಹೇಳಿದ ದಿನ, ಮುಂದಿನ ಯುಗಾದಿಯ ಬೇವುಬೆಲ್ಲ ನನ್ನ ಪಾಲಿಗಿದೆಯೆಂಬ ನಂಬಿಕೆ ನನಗಿರಲಿಲ್ಲ. ಅಂದಿನಿಂದ ನನ್ನನ್ನು ನಡೆಸಿಕೊಂಡು ಬಂದ ನಮ್ಮ ಮನೆದೇವರು ಯಡಿಯೂರು ಸಿದ್ಧಲಿಂಗೇಶ್ವರನಿಗೆ, ಅವನು ಯಾರ ಯಾರ ಕೈಯಿಂದ ನನ್ನ ದಿನಗಳನ್ನು ಕೊಡಿಸಿದನೋ ಅವರೆಲ್ಲರಿಗೆ, ಈ ಬರಹದ ಮೂಲಕ ಶರಣು ಸಲ್ಲಿಸುತ್ತಿದ್ದೇನೆ.

ನಮ್ಮೂರ ಸಹಕಾರ ಸಂಘದ ನ್ಯಾಯಬೆಲೆ ಅಂಗಡಿಯಲ್ಲಿ ಹನ್ನೊಂದು ವರ್ಷ ಅಕ್ಕಿ ತೂಗಿದವನು ನಾನು. ಈಗ ವಾರಕ್ಕೆ ಮೂರು ಸಲ ನನ್ನನ್ನೇ ತೂಗುತ್ತಾರೆ. ಯಂತ್ರಕ್ಕೆ ಹಾಕುವ ಮೊದಲೊಮ್ಮೆ, ನಾಲ್ಕು ಗಂಟೆಗಳ ನಂತರ ಇನ್ನೊಮ್ಮೆ; ನಡುವಿನ ವ್ಯತ್ಯಾಸವೆಲ್ಲ ದೇಹ ಹೊರಹಾಕಲಾರದೆ ಉಳಿಸಿಕೊಂಡಿದ್ದ ನೀರು. ಪಡಿತರ ಎಂಬ ಮಾತನ್ನು ದಿನಕ್ಕೆ ನೂರು ಸಲ ಆಡುತ್ತಿದ್ದ ನನಗೆ, ಅದರೊಳಗಿನ ‘ಪಡಿ’ ಅರ್ಥವಾದದ್ದು ಆ ತೂಕದ ಯಂತ್ರದ ಮೇಲೆ ನಿಂತಾಗ. ಮೊದಲ ವರ್ಷವೆಲ್ಲ ನಾನು ದೇವರನ್ನು ಕಣಜ ಬೇಡಿದೆ. ಒಂದೇ ಸಲಕ್ಕೆ ಪೂರ್ಣ ಗುಣವಾಗಿಬಿಡಲಿ, ಇಲ್ಲವೇ ಹೊಂದುವ ಮೂತ್ರಪಿಂಡವೊಂದು ಸಿಕ್ಕಿಬಿಡಲಿ ಎಂದು. ಅವನು ಕೊಟ್ಟದ್ದು ಪಡಿ. ಎರಡು ದಿನಕ್ಕಾಗುವಷ್ಟು ಉಸಿರು, ಅದು ತೀರುವ ಹೊತ್ತಿಗೆ ಮತ್ತೆರಡು ದಿನಕ್ಕಾಗುವಷ್ಟು. ದಾನವಾಗಿ ಬಂದ ಅಂಗಾಂಗಗಳನ್ನು ಹಂಚುವ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ನನ್ನ ಹೆಸರೂ ಇದೆ, ಕಾಯುತ್ತಿದ್ದೇನೆ. ಆದರೆ ಈಗ ಕಾಯುವುದಕ್ಕೂ ಆಗ ಕಾಯುತ್ತಿದ್ದುದಕ್ಕೂ ಬಹಳ ಅಂತರವಿದೆ.

ನನ್ನ ತಪ್ಪನ್ನೂ ಇಲ್ಲಿ ಹೇಳಿಬಿಡಬೇಕು. ರಕ್ತದೊತ್ತಡದ ಮಾತ್ರೆಯನ್ನು ನಿತ್ಯ ತೆಗೆದುಕೊಳ್ಳಬೇಕೆಂದು ಹೇಳಿದ್ದರೂ, ನೋವಿಲ್ಲವಲ್ಲ ಎಂದು, ಹತೋಟಿ ತಪ್ಪಿದ ಒತ್ತಡ ಮೂತ್ರಪಿಂಡಗಳನ್ನು ಕೆಡಿಸುತ್ತದೆಂದು ಅರಿಯದೆ, ನಾಲ್ಕು ವರ್ಷ ಬಿಟ್ಟಿದ್ದೆ. ಓದುವವರಲ್ಲಿ ಹಾಗೆ ಮಾತ್ರೆ ಬಿಟ್ಟವರಿದ್ದರೆ ದಯವಿಟ್ಟು ಇವತ್ತೇ ಮತ್ತೆ ವೈದ್ಯರನ್ನು ಕಾಣಿರಿ.

ನನಗೆ ದಿನಕ್ಕೆ ಮುಕ್ಕಾಲು ಲೀಟರು ನೀರು. ಬೆಳಗ್ಗೆ ನನ್ನ ಹೆಂಡತಿ ಒಂದು ಬಾಟಲಿಯಲ್ಲಿ ಅಳೆದು ತುಂಬಿಡುತ್ತಾಳೆ. ಮಾತ್ರೆ ನುಂಗುವುದಕ್ಕೂ ಅದರಿಂದಲೇ, ಒಂದು ಲೋಟ ಕಾಫಿ ಕುಡಿದರೆ ಅಷ್ಟನ್ನು ಅದರಿಂದ ಕಳೆಯಬೇಕು. ತೆಂಗಿನ ಸೀಮೆಯಲ್ಲಿ ಹುಟ್ಟಿ, ಸ್ವಂತ ತೋಟವಿದ್ದೂ ಎಳನೀರು ಮುಟ್ಟುವಂತಿಲ್ಲ, ಏಕೆಂದರೆ ಅದರಲ್ಲಿರುವ ಪೊಟ್ಯಾಸಿಯಂ ನನ್ನಂಥವರ ಹೃದಯವನ್ನೇ ನಿಲ್ಲಿಸಬಲ್ಲದು. ಸೊಪ್ಪನ್ನು ಹೆಚ್ಚು ನೀರಿನಲ್ಲಿ ಬೇಯಿಸಿ, ಬಸಿದ ನೀರನ್ನು ಬಿಟ್ಟು ತಿನ್ನಬೇಕು. ನಮ್ಮ ಕಡೆ ಆ ಬಸಿದ ನೀರಿನಿಂದಲೇ ಬಸ್ಸಾರು ಮಾಡುವುದು. ಹಾಗಾಗಿ ಮನೆಯಲ್ಲಿ ಬಸ್ಸಾರಾದ ದಿನ ಮಕ್ಕಳಿಗೆ ಸಾರು, ನನಗೆ ಉಪ್ಪು ತಗ್ಗಿಸಿದ ಪಲ್ಯ. ಮೊದಮೊದಲು ಆ ಘಮಕ್ಕೆ ಎದ್ದು ಹೊರಗೆ ಹೋಗುತ್ತಿದ್ದೆ. ಈಗ ಅವರ ಜೊತೆಗೇ ಕುಳಿತು ಉಣ್ಣುತ್ತೇನೆ. ಒಂದೇ ಪಾತ್ರೆಯಲ್ಲಿ ಬೆಂದದ್ದು ನನಗೂ ಅವರಿಗೂ ಆಗುವಂತೆ ಮೂರು ವರ್ಷ ಬೇಸರವಿಲ್ಲದೆ ಅಡುಗೆ ಮಾಡಿದವಳಿಗೆ ನಾನು ಎಂದೂ ಬಾಯಿಬಿಟ್ಟು ಕೃತಜ್ಞತೆ ಹೇಳಿರಲಿಲ್ಲ. ಎಲ್ಲರೆದುರು ಇಂದು ಹೇಳುತ್ತಿದ್ದೇನೆ.

ಮುಕ್ಕಾಲು ಲೀಟರು ಕುಡಿಯುವ ನನ್ನ ರಕ್ತವನ್ನು ಒಮ್ಮೆ ತೊಳೆಯುವುದಕ್ಕೆ ಸುಮಾರು 120 ಲೀಟರು ಶುದ್ಧೀಕರಿಸಿದ ನೀರು ಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅದರ ಮರುಬೇಸಿಗೆಯಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಯ ಕೊಳವೆಬಾವಿ ಬತ್ತಿತು. ಡಯಾಲಿಸಿಸ್ ಘಟಕವನ್ನು ಮುಚ್ಚಬೇಕಾದೀತೆಂಬ ಸುದ್ದಿ ಹರಡಿದಾಗ, ರೈತರೊಬ್ಬರು ತಮ್ಮ ತೋಟದ ನೀರನ್ನು ಟ್ಯಾಂಕರಿನಲ್ಲಿ ತುಂಬಿ ಮಳೆ ಬೀಳುವವರೆಗೂ ಕಳಿಸಿಕೊಟ್ಟರು. ಆ ಬೇಸಿಗೆಯಲ್ಲಿ ಅವರ ತೆಂಗಿನ ಗರಿಗಳು ಜೋತುಬಿದ್ದದ್ದನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಹೆಸರು ಬರೆಯಬೇಡವೆಂದು ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ಅವರ ಮರಗಳ ಪಾಲಿನ ನೀರು ನನ್ನ ರಕ್ತವನ್ನು ತೊಳೆದಿದೆ.

ಹಣದ ಕಷ್ಟವನ್ನು ಹೆಚ್ಚು ಬೆಳೆಸುವುದಿಲ್ಲ. ಮೊದಲ ತಿಂಗಳುಗಳಲ್ಲಿ ಖಾಸಗಿಯಲ್ಲಿ ಸಲವೊಂದಕ್ಕೆ 1,800 ರೂಪಾಯಿ ಕೊಡುವಾಗ ಎರಡು ಹಸುಗಳನ್ನು ಮಾರಿದೆವು. ಅಟ್ಟದ ಮೇಲಿನ ಕೊಬ್ಬರಿಯೇ ನಮ್ಮ ಉಳಿತಾಯ. 2023ರಲ್ಲಿ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿಯಿತು. ಆಗಲೂ ಮನೆ ನಡೆಯಿತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ ಎಡಗೈಯಲ್ಲಿ ಭಾರ ಎತ್ತಬಾರದಾದ್ದರಿಂದ ಅಣ್ಣನ ಮಕ್ಕಳು ಕಾಯಿ ಕೀಳಿಸಿ ಅಟ್ಟಕ್ಕೇರಿಸಿದರು, ಅತ್ತಿಗೆ ರಾಗಿ ಕೊಟ್ಟು ಕಳಿಸಿದರು. 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದಾಗ, ವಾರಕ್ಕೆ ಮೂರು ಸಲ ನನ್ನ ಜೊತೆ ಬರುವವಳ ಟಿಕೆಟಿನ ಹಣ ಉಳಿದು ಮಗಳ ಪುಸ್ತಕಕ್ಕೆ ಆಯಿತು. ಇದೆಲ್ಲ ಸರ್ಕಾರದ್ದು, ನೆಂಟರದ್ದು, ದೇವರದ್ದೇನಿದೆ ಎಂದು ಒಬ್ಬರು ಕೇಳಿದರು. ಯಡಿಯೂರಿನ ದಾಸೋಹದಲ್ಲಿ ಬಡಿಸುವವರು ಮನುಷ್ಯರೇ, ಆದರೆ ಉಂಡು ಏಳುವಾಗ ನಾವು ಕೈಮುಗಿಯುವುದು ಸಿದ್ಧಲಿಂಗೇಶ್ವರನಿಗೆ. ಬಡಿಸಿದವರನ್ನು ಮರೆತು ಮುಗಿಯುವುದಿಲ್ಲ ಎಂಬುದನ್ನೂ ಬಲ್ಲೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ನೋವಾಗದಂತೆ ಸೂಜಿ ಚುಚ್ಚಲು ಪ್ರತಿ ಸಲವೂ ಹೊಸ ಜಾಗ ಹುಡುಕುವ ತಂತ್ರಜ್ಞ ಹುಡುಗನಿಗೆ, ರಕ್ತದೊತ್ತಡ ಕುಸಿದು ನಾನು ಕಣ್ಣು ತೇಲಿಸಿದಾಗ ಕಾಲು ಎತ್ತಿ ಹಿಡಿದು ನಿಂತಿದ್ದ ಸಿಸ್ಟರ್‌ಗೆ, ನನ್ನ ಶರಣು.

ಇನ್ನೊಂದು ಋಣ ಉಳಿದಿದೆ, ಅದನ್ನು ಬರೆಯಲು ಕೈ ಹಿಂಜರಿಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತ ಸರತಿ ಸಿಕ್ಕ ದಿನ ಮನೆಯಲ್ಲಿ ತುಪ್ಪದ ದೀಪ ಹಚ್ಚಿ, ಶಿವನೇ ಕಣ್ಣು ಬಿಟ್ಟನೆಂದು ಹೇಳಿಕೊಂಡೆವು. ಆ ಸರತಿ ತೆರವಾದದ್ದು ನನಗಿಂತ ಮೊದಲು ಅದೇ ಹಾಸಿಗೆಯಲ್ಲಿ ಮಲಗುತ್ತಿದ್ದವರು ತೀರಿಕೊಂಡದ್ದರಿಂದ ಎಂದು ತಿಂಗಳುಗಳ ಮೇಲೆ ತಿಳಿಯಿತು. ಅಂದು ಹಚ್ಚಿದ ದೀಪ ನನ್ನನ್ನು ಬಹಳ ಕಾಲ ಸುಟ್ಟಿತು. ಒಬ್ಬರ ಪಡಿಯನ್ನು ನಿಲ್ಲಿಸಿ ಇನ್ನೊಬ್ಬರಿಗೆ ಅಳೆಯುವುದು ಎಂಥ ನ್ಯಾಯವೆಂದು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಬೆಳಗು ಕೇಳಿದ್ದೇನೆ. ಉತ್ತರ ಬಂದಿಲ್ಲ. ಬಂದಿದೆಯೆಂದು ಹೇಳಿದರೆ ಸುಳ್ಳಾಗುತ್ತದೆ.

ಈ ಶ್ರಾವಣದ ಸೋಮವಾರವೊಂದರಲ್ಲಿ ಧೈರ್ಯ ಮಾಡಿ ನಾವಿಬ್ಬರೂ ಆ ತೀರಿಕೊಂಡವರ ಮನೆಗೆ ಹೋದೆವು. ಮಂಗಳವಾರ, ಗುರುವಾರ, ಶನಿವಾರ ನನ್ನ ಸರತಿ. ಶನಿವಾರದಿಂದ ಮಂಗಳವಾರದವರೆಗಿನ ಬಿಡುವು ಎಲ್ಲಕ್ಕಿಂತ ದೀರ್ಘವಾದದ್ದರಿಂದ ಸೋಮವಾರದ ಬಾಯಾರಿಕೆ ಬಹಳ ಕಠಿಣ. ನಾನು ಯಾರೆಂದು ಹೇಳಿದಾಗ ಆ ತಾಯಿ ಸ್ವಲ್ಪ ಹೊತ್ತು ನನ್ನ ಎಡಗೈಯ ಉಬ್ಬಿದ ನರವನ್ನೇ ನೋಡಿದರು. ನಮ್ಮ ಸೀಮೆಯಲ್ಲಿ ಮನೆಗೆ ಬಂದವರಿಗೆ ಎಳನೀರು ಕೆತ್ತಿ ಕೊಡುವುದು ಪದ್ಧತಿ, ಪ್ರತಿ ಮನೆಯಲ್ಲೂ ಬೇಡವೆಂದು ವಿವರಿಸಿ ನನಗೆ ಸಾಕಾಗಿದೆ. ಅವರು ಒಳಗೆ ಹೋಗಿ ನನ್ನ ಹೆಂಡತಿಗೆ ಎಳನೀರನ್ನೂ, ನನಗೆ ಒಂದು ಪುಟ್ಟ ಲೋಟದಲ್ಲಿ ಅರ್ಧದಷ್ಟು ನೀರನ್ನೂ ತಂದರು.

“ನಮ್ಮನೆಯವರಿಗೂ ಇದೇ ಲೋಟದಲ್ಲಿ ಕೊಡ್ತಿದ್ದೆ, ಕುಡೀರಿ ಅಣ್ಣಾ” ಎಂದರು.