ಮೊದಲ ಮಾಡ್ಯೂಲ್‌ಗಳನ್ನು ಆರಿಸುವ ಮಗಳಿಗೆ

ಚಿರಂಜೀವಿ ಮಗಳಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಮಾಡ್ಯೂಲ್ ಎಂಬ ಬಿಡಿ ಘಟಕಗಳನ್ನು ತಂತಿಗಳಿಂದ ಜೋಡಿಸಿ ಧ್ವನಿ ಹುಟ್ಟಿಸುವ ಯೂರೋರ್ಯಾಕ್ ಸಿಂಥಸೈಜರ್‌ಗಾಗಿ ನೀನು ಕೊಳ್ಳಬೇಕೆಂದಿರುವ ಮಾಡ್ಯೂಲ್‌ಗಳ ಪಟ್ಟಿಯನ್ನು ಎರಡು ಸಲ ಓದಿದೆ. ಮೂರು ಆಸಿಲೇಟರ್, ಧ್ವನಿಯ ಬಣ್ಣ ತಿದ್ದುವ ಎರಡು ಫಿಲ್ಟರ್, ಮಾರ್ದನಿ ಕೊಡುವ ಒಂದು ರಿವರ್ಬ್ ಇರುವ ಆ ಪಟ್ಟಿಯಲ್ಲಿ ವಿಸಿಎ ಒಂದೂ ಇಲ್ಲದಿರುವುದನ್ನು ಕಂಡು, ನೀನು ಹಣ ಕಟ್ಟುವ ಮೊದಲೇ ಬರೆಯಬೇಕೆನಿಸಿತು.

ಆಸಿಲೇಟರ್ ಎಂಬುದು ವಿದ್ಯುತ್ ಹರಿಯುವಷ್ಟು ಹೊತ್ತೂ ಬಿಡುವಿಲ್ಲದೆ ಮೊಳಗುವ ವಸ್ತು. ಆ ಅಖಂಡ ನಾದದಿಂದ ಒಂದೊಂದು ಸ್ವರವನ್ನು ಬಿಡಿಸಿ ಕೊಡುವುದು ವಿಸಿಎ, ಅಂದರೆ ಹೊರಗಿನಿಂದ ಬರುವ ವೋಲ್ಟೇಜಿಗೆ ತಕ್ಕಂತೆ ಸಿಗ್ನಲ್ಲನ್ನು ಹಿಗ್ಗಿಸಿ ಕುಗ್ಗಿಸುವ ಆಂಪ್ಲಿಫೈಯರ್. ಎನ್ವಲಪ್ ಎಂಬ ಮಾಡ್ಯೂಲ್ ಹುಟ್ಟಿಸುವ ವೋಲ್ಟೇಜಿನ ಏರಿಳಿತ ಅದನ್ನು ತೆರೆದು ಮುಚ್ಚಿದಾಗ ಸ್ವರಕ್ಕೆ ಹುಟ್ಟು, ನಿಲುವು, ಅಳಿವು ಬರುತ್ತವೆ. ಹೊಸಬರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಉಪಯೋಗವೂ ಅದಕ್ಕಿದೆ. ನನ್ನ ಲೆಕ್ಕದಲ್ಲಿ ಅದೇ ಹೆಚ್ಚಿನದು. ನಿಧಾನವಾಗಿ ಏರಿಳಿಯುವ ವೋಲ್ಟೇಜ್ ಕೊಡುವ ಎಲ್‌ಎಫ್‌ಒ ಒಂದನ್ನು ನೇರವಾಗಿ ಆಸಿಲೇಟರಿನ ಶ್ರುತಿಗೆ ಜೋಡಿಸಿದರೆ ಸ್ವರವು ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ನಡುಗುತ್ತದೆ, ಕಿವಿ ಬಹುಬೇಗ ದಣಿಯುತ್ತದೆ. ಅದೇ ಎಲ್‌ಎಫ್‌ಒವನ್ನು ವಿಸಿಎ ಮೂಲಕ ಹಾಯಿಸಿ, ಆ ವಿಸಿಎಯನ್ನು ನಿಧಾನವಾಗಿ ಏರುವ ಎನ್ವಲಪ್‌ನಿಂದ ತೆರೆದರೆ, ಸ್ವರ ಮೊದಲು ನೇರವಾಗಿ ನಿಂತು, ಆಮೇಲೆ ಸ್ವಲ್ಪಸ್ವಲ್ಪವಾಗಿ ಕಂಪಿಸತೊಡಗುತ್ತದೆ; ನುರಿತ ಗಾಯಕರು ದೀರ್ಘ ಸ್ವರವನ್ನು ಹಿಡಿಯುವಾಗ ಎಷ್ಟೋ ಸಲ ಹೀಗೆಯೇ ಮಾಡುತ್ತಾರೆ. ಆದ್ದರಿಂದ ಎರಡು ಆಸಿಲೇಟರ್‌ಗಳನ್ನು ಪಟ್ಟಿಯಿಂದ ತೆಗೆದುಹಾಕಿ, ನಾಲ್ಕು ವಿಸಿಎಗಳು ಒಟ್ಟಿಗಿರುವ ಒಂದು ಮಾಡ್ಯೂಲನ್ನು ಸೇರಿಸು. ಅದು ಧ್ವನಿಯನ್ನಷ್ಟೇ ಅಲ್ಲದೆ ನಿಧಾನವಾಗಿ ಬದಲಾಗುವ ನಿಯಂತ್ರಣ ವೋಲ್ಟೇಜನ್ನೂ ಹಾಯಗೊಡುವಂಥದ್ದೇ ಎಂಬುದನ್ನು ಮೊದಲು ಖಚಿತಪಡಿಸಿಕೋ.

ಉಳಿದಂತೆ ಒಂದು ಫಿಲ್ಟರ್, ಎರಡು ಎನ್ವಲಪ್, ಒಂದು ಎಲ್‌ಎಫ್‌ಒ, ವೋಲ್ಟೇಜನ್ನು ತಗ್ಗಿಸಿ ತಿರುಗುಮುರುಗು ಮಾಡಬಲ್ಲ ಒಂದು ಅಟೆನ್ಯುವರ್ಟರ್ ಸಾಕು. ರೆಸೊನೆನ್ಸ್ (ಅನುರಣನ) ಹೆಚ್ಚಿಸಿದಾಗ ತಾನೇ ಧ್ವನಿಗೊಡುವ ಫಿಲ್ಟರನ್ನು ಆರಿಸಿದರೆ ಎರಡನೆಯ ಆಸಿಲೇಟರಿನ ಆಸೆ ಸ್ವಲ್ಪ ದಿನ ತಡೆದೀತು. ಸ್ವರಗಳನ್ನು ಕಳುಹಿಸಲು ಕೀಬೋರ್ಡ್ ಅಥವಾ ಸ್ವರಗಳ ಸರಣಿಯನ್ನು ತಾನೇ ನುಡಿಸುವ ಸೀಕ್ವೆನ್ಸರ್ ಬೇಕು. ಇಲ್ಲಿ ಒಂದು ಸ್ಥಾಯಿಗೆ 1 ವೋಲ್ಟ್ ಎಂಬುದು ಅಳತೆಯಾದ್ದರಿಂದ ಅರ್ಧ ಸ್ವರದ ಅಂತರ ಸುಮಾರು 83 ಮಿಲಿವೋಲ್ಟ್ ಮಾತ್ರ. ಶ್ರುತಿಯ ವೋಲ್ಟೇಜನ್ನು ಹಲವು ಕಡೆ ಹಂಚುವ ಕಾಲ ಬಂದಾಗ ವೋಲ್ಟೇಜನ್ನು ಕುಗ್ಗದಂತೆ ಹಂಚುವ, ಬಫರ್ ಇರುವ ಮಲ್ಟಿಪಲ್ ಎಂಬ ಮಾಡ್ಯೂಲ್ ಬಳಸು, ಇಲ್ಲವಾದರೆ ಶ್ರುತಿ ಜಾರಬಹುದು. ಧ್ವನಿಯನ್ನು ತಗ್ಗಿಸಿ ಹೊರಗೆ ಕೊಡುವ ಔಟ್‌ಪುಟ್ ಮಾಡ್ಯೂಲನ್ನೂ ಮರೆಯಬೇಡ. ಮಾಡ್ಯುಲರ್ ಒಳಗಿನ ಧ್ವನಿ ತುದಿಯಿಂದ ತುದಿಗೆ ಸುಮಾರು 10 ವೋಲ್ಟ್ ಇರುತ್ತದೆ. ಮಿಕ್ಸರ್ ಮುಂತಾದವುಗಳ ಸಾಮಾನ್ಯ ಲೈನ್ ಇನ್‌ಪುಟ್‌ಗೆ ಅದು ಬಹಳ ಹೆಚ್ಚು.

ಮಾಡ್ಯೂಲ್‌ಗಳನ್ನು ಕೂರಿಸುವ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡ. ಅಗಲವನ್ನು ಎಚ್‌ಪಿ ಎಂಬ ಮಾನದಲ್ಲಿ ಅಳೆಯುತ್ತಾರೆ; 84 ಎಚ್‌ಪಿ ಎಂದರೆ ಸುಮಾರು 43 ಸೆಂಟಿಮೀಟರ್ ಅಗಲ. ಅಂಥ ಎರಡು ಸಾಲುಗಳಿರುವ ಪೆಟ್ಟಿಗೆಯನ್ನು ಕೊಂಡು, ಅರ್ಧವನ್ನು ಖಾಲಿ ಬಿಡು. ಪ್ರತಿಯೊಂದು ಮಾಡ್ಯೂಲ್ +12 ಮತ್ತು -12 ವೋಲ್ಟ್ ವಿದ್ಯುತ್ ಪೂರೈಕೆಗಳಿಂದ ಎಷ್ಟು ಮಿಲಿಆಂಪಿಯರ್ ಎಳೆಯುತ್ತದೆ ಎಂಬುದನ್ನು ಬೇರೆಬೇರೆಯಾಗಿ ಕೂಡಿಸಿ ನೋಡಿ, ಪವರ್ ಸಪ್ಲೈ ಸಾಮರ್ಥ್ಯದಲ್ಲಿ ಕಾಲು ಭಾಗವನ್ನಾದರೂ ಉಳಿಸಿಕೊಳ್ಳಬೇಕು. ನನ್ನ ಮೊದಲ ಆಸಿಲೇಟರ್ ಸುಟ್ಟುಹೋದದ್ದು ನನ್ನದೇ ಅವಸರದಿಂದ: ವಿದ್ಯುತ್ ಕೊಡುವ ರಿಬ್ಬನ್ ಕೇಬಲ್ಲನ್ನು ತಿರುಗಾಮುರುಗಾ ಚುಚ್ಚಿ ಸ್ವಿಚ್ ಹಾಕಿದೆ, ಕ್ಷಣದಲ್ಲಿ ವಾಸನೆ ಬಂತು. ಕೇಬಲ್ಲಿನ ಕೆಂಪು ಗೆರೆ -12 ವೋಲ್ಟ್ ಬದಿಗೆ ಬರಬೇಕು. ಜೋಡಿಸುವಾಗ ವಿದ್ಯುತ್ ಪೂರ್ತಿ ತೆಗೆದಿರಬೇಕು. ಬೋರ್ಡಿನ ಮೇಲಿನ ಗುರುತನ್ನೂ ತಯಾರಕರ ಕೈಪಿಡಿಯನ್ನೂ ಎರಡು ಸಲ ಪರೀಕ್ಷಿಸಬೇಕು. ಮಗಳೇ, ಇದೊಂದನ್ನು ನನಗೋಸ್ಕರವಾದರೂ ಪಾಲಿಸು.

ಏನನ್ನೂ ಕೊಳ್ಳುವ ಮೊದಲು, ಯೂರೋರ್ಯಾಕನ್ನು ಅನುಕರಿಸುವ, ಉಚಿತವಾಗಿ ಸಿಗುವ ವಿಸಿವಿ ರ್ಯಾಕ್ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡು, ನಾನು ಹೇಳಿದಷ್ಟೇ ಮಾಡ್ಯೂಲ್‌ಗಳಿಂದ ಒಂದು ತಿಂಗಳು ನುಡಿಸು. ಎಲ್ಲಿ ಕೈ ಕಟ್ಟಿಹಾಕಿದಂತಾಗುತ್ತದೆ ಎಂಬುದನ್ನು ಬರೆದಿಡು. ಮುಂದಿನ ಮಾಡ್ಯೂಲ್ ಯಾವುದೆಂದು ಆ ಬರಹವೇ ನಿನಗೆ ಹೇಳುತ್ತದೆ, ಬೇರೆಯವರ ಪೆಟ್ಟಿಗೆಯ ಚಿತ್ರವಲ್ಲ. ತಿದ್ದಿದ ಪಟ್ಟಿಯನ್ನು ನನಗೆ ಕಳುಹಿಸುವಾಗ ಪ್ರತಿ ಮಾಡ್ಯೂಲಿನ ಮುಂದೆ ಅದರ ಅಗಲವನ್ನೂ ಮಿಲಿಆಂಪಿಯರ್‌ಗಳನ್ನೂ ಬರೆದಿರಲಿ, ಇಬ್ಬರೂ ಕುಳಿತು ಕೂಡಿಸಿ ನೋಡೋಣ.

ಇಂತಿ,
ನಿನ್ನ ಚಿಕ್ಕಪ್ಪ