ಭಾರತ್‌ನೆಟ್‌ನ ಉಂಗುರ ನೆಲದಲ್ಲೂ ಉಂಗುರವಾಗಿರಲಿ

ಮಾನ್ಯ ಸಂಪಾದಕರೇ,

ಇ-ಸ್ವತ್ತಿನ ಆಸ್ತಿ ದಾಖಲೆಗಾಗಿ ಗ್ರಾಮ ಪಂಚಾಯಿತಿ ಕಚೇರಿಗೆ ಹೋದವರು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿ ಹಿಂದಿರುಗುವುದು ನಮ್ಮ ಹಳ್ಳಿಗಳಲ್ಲಿ ಮಾಮೂಲಾಗಿಬಿಟ್ಟಿದೆ. ಎಷ್ಟೋ ಸಲ ಸರ್ವರ್ ಸರಿಯಾಗಿಯೇ ಇರುತ್ತದೆ. ಅಲ್ಲಿಗೆ ತಲುಪಿಸಬೇಕಾದ, ಗಾಜಿನ ಎಳೆಗಳಲ್ಲಿ ಬೆಳಕಿನ ಮೂಲಕ ಮಾಹಿತಿ ಒಯ್ಯುವ ಆಪ್ಟಿಕಲ್ ಫೈಬರ್ ಕೇಬಲ್ (ಓಎಫ್‌ಸಿ) ರಸ್ತೆ ಅಗಲೀಕರಣದ ಜೆಸಿಬಿಗೆ ಸಿಕ್ಕಿ ತುಂಡಾಗಿರುತ್ತದೆ. ಕೇಬಲ್ ತುಂಡಾಗುವುದನ್ನು ಪೂರ್ತಿ ತಡೆಯಲು ಯಾರಿಂದಲೂ ಆಗದು. ಆದರೆ ತುಂಡಾದ ಮೇಲೂ ಸಂಪರ್ಕ ಉಳಿಯುವಂತೆ ಜಾಲವನ್ನು ಹೆಣೆಯಲು ಸಾಧ್ಯವಿದೆ.

ಗ್ರಾಮ ಪಂಚಾಯಿತಿಗಳಿಗೆ ಇಂಟರ್‌ನೆಟ್ ತಲುಪಿಸಲೆಂದು 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೇ ಮುಂದೆ ಭಾರತ್‌ನೆಟ್ ಎಂದಾಯಿತು. 2017ರ ಡಿಸೆಂಬರ್ ವೇಳೆಗೆ ಮುಗಿದ ಅದರ ಮೊದಲ ಹಂತದಲ್ಲಿ ಒಂದು ಲಕ್ಷ ಪಂಚಾಯಿತಿಗಳನ್ನು ಮುಖ್ಯವಾಗಿ ಕವಲು ಮಾದರಿಯಲ್ಲಿ ಜೋಡಿಸಲಾಯಿತು. ಅಂದರೆ, ತಾಲ್ಲೂಕು ಕೇಂದ್ರದ ಯಂತ್ರದಿಂದ ಹೊರಟ ಒಂದು ಎಳೆಯ ಬೆಳಕನ್ನು ದಾರಿಯಲ್ಲಿ ಸ್ಪ್ಲಿಟರ್‌ನಿಂದ ಹಂಚಿ ಹಲವು ಪಂಚಾಯಿತಿಗಳಿಗೆ ಮುಟ್ಟಿಸಲಾಗುತ್ತದೆ. ಇದಕ್ಕೆ ಕೇಬಲ್ ಕಡಿಮೆ ಸಾಕು, ಖರ್ಚೂ ಕಡಿಮೆ. ಆದರೆ ಪ್ರತಿ ಪಂಚಾಯಿತಿಗೂ ಇರುವುದು ಒಂದೇ ದಾರಿಯಾದ್ದರಿಂದ, ಬುಡದಲ್ಲಿ ಪೆಟ್ಟು ಬಿದ್ದರೆ ಆಚೆಗಿನ ಕವಲುಗಳೆಲ್ಲ ಒಟ್ಟಿಗೇ ಸತ್ತುಹೋಗುತ್ತವೆ.

2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ 1,39,579 ಕೋಟಿ ರೂಪಾಯಿಗಳ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮವು ಸುಮಾರು 2.64 ಲಕ್ಷ ಪಂಚಾಯಿತಿಗಳನ್ನು ಉಂಗುರ ಮಾದರಿಗೆ, ಅಂದರೆ ಒಂದರಿಂದ ಇನ್ನೊಂದಕ್ಕೆ ಬೆಸೆಯುತ್ತ ಹೋಗಿ ಕೊನೆಗೆ ಸುತ್ತು ಮುಚ್ಚುವ ರಿಂಗ್‌ಗೆ, ತರುವುದಾಗಿ ಹೇಳಿದೆ. ಈ ಆಯ್ಕೆ ಸರಿಯಾದುದೇ. ಮೂವತ್ತು ಪಂಚಾಯಿತಿಗಳ ಒಂದು ತಾಲ್ಲೂಕಿನಲ್ಲಿ ಪ್ರತಿಯೊಂದನ್ನೂ ಉಳಿದೆಲ್ಲದರೊಡನೆ ನೇರವಾಗಿ ಬೆಸೆಯಲು 435 ಕೊಂಡಿಗಳು ಬೇಕಾಗುತ್ತವೆ; ಅಷ್ಟು ಕೇಬಲ್ ಹೂಳುವುದು ಯಾವ ಸರ್ಕಾರಕ್ಕೂ ಆಗದ ಮಾತು, ಅಗತ್ಯವೂ ಇಲ್ಲ. ಉಂಗುರದಲ್ಲಿ ಹೆಚ್ಚುಕಡಿಮೆ ಪಂಚಾಯಿತಿಗಳಷ್ಟೇ ಕೊಂಡಿಗಳು ಸಾಕು, ಪ್ರತಿಯೊಂದಕ್ಕೂ ಎರಡು ದಿಕ್ಕಿನ ದಾರಿ ಸಿಗುತ್ತದೆ. ಸರಿಯಾಗಿ ಹೊಂದಿಸಿದ ರಿಂಗ್‌ನಲ್ಲಿ ಒಂದು ಕಡೆ ಕೇಬಲ್ ಕಡಿದರೆ ಮಾಹಿತಿಯ ಸಂಚಾರವು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಇನ್ನೊಂದು ದಿಕ್ಕಿಗೆ ತಿರುಗಿಬಿಡಬಲ್ಲದು.

ನನ್ನ ಆತಂಕವಿರುವುದು ಈ ಉಂಗುರವನ್ನು ನೆಲದಲ್ಲಿ ಹೇಗೆ ಹೂಳುತ್ತಾರೆ ಎಂಬುದರಲ್ಲಿ. ಹೋಗುವ ಎಳೆ, ಬರುವ ಎಳೆ ಎರಡನ್ನೂ ಒಂದೇ ಕೇಬಲ್‌ನಲ್ಲಿ, ಒಂದೇ ಗುಂಡಿಯಲ್ಲಿ ಎಳೆದರೂ ಕಂಪ್ಯೂಟರ್ ಪರದೆಯ ಮೇಲೆ ಅದು ಉಂಗುರವಾಗಿಯೇ ಕಾಣುತ್ತದೆ, ಬಿಲ್ಲಿನಲ್ಲೂ ಉಂಗುರವೆಂದೇ ನಮೂದಾಗುತ್ತದೆ. ಜೆಸಿಬಿಯ ಬಕೆಟ್ ಒಮ್ಮೆ ಇಳಿದರೆ ಮಾತ್ರ ಎರಡೂ ದಾರಿಗಳು ಒಟ್ಟಿಗೇ ಕಡಿಯುತ್ತವೆ. ಹಳೆಯ ಕೇಬಲ್‌ನಲ್ಲಿ ಖಾಲಿ ಉಳಿದ ಎಳೆಗಳನ್ನೇ ಬಳಸಿ ಉಂಗುರ ಪೂರೈಸುವ ಆಸೆ ಎಲ್ಲ ಗುತ್ತಿಗೆದಾರರಿಗೂ ಇರುವುದು ಸಹಜ, ಏಕೆಂದರೆ ದುಬಾರಿಯಾದದ್ದು ಎಳೆಯಲ್ಲ, ನೆಲ ಅಗೆಯುವ ಕೆಲಸ. ಘಟ್ಟದ ಒಂದೇ ರಸ್ತೆಗೆ ಅಂಟಿಕೊಂಡಿರುವ ನಮ್ಮ ಮಲೆನಾಡಿನ ಪಂಚಾಯಿತಿಗಳಲ್ಲಿ ಎರಡನೇ ದಾರಿ ಹುಡುಕುವುದು ಕಷ್ಟವೇ. ಅಂಥಲ್ಲಿ ವಿದ್ಯುತ್ ಕಂಬಗಳ ಮೇಲೆ ಕೇಬಲ್ ಒಯ್ಯಬಹುದು, ಇಲ್ಲವೇ ಪಕ್ಕದ ತಾಲ್ಲೂಕಿನ ಪಂಚಾಯಿತಿಗೆ ಬೆಸೆಯಬಹುದು. ತಾಲ್ಲೂಕಿನ ಗಡಿ ಆಡಳಿತಕ್ಕೆ ಸಂಬಂಧಿಸಿದ್ದು. ಕೇಬಲ್ ಅದನ್ನು ದಾಟಬಾರದು ಎಂಬ ನಿಯಮ ಜಾಲದ ವಿನ್ಯಾಸದಲ್ಲಿ ಇರಬೇಕಿಲ್ಲ.

ಇನ್ನೊಂದು ವಿಚಾರ ಹೆಚ್ಚಾಗಿ ಚರ್ಚೆಗೆ ಬಂದಿಲ್ಲ. ಕವಲು ಮಾದರಿಯ ಸ್ಪ್ಲಿಟರ್‌ಗೆ ಕರೆಂಟ್ ಬೇಡ. ಒಂದು ಪಂಚಾಯಿತಿಯಲ್ಲಿ ದೀಪ ಹೋದರೆ ಪಕ್ಕದ ಪಂಚಾಯಿತಿಗೆ ಏನೂ ಆಗದು. ಉಂಗುರದಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಪಂಚಾಯಿತಿಯಲ್ಲಿರುವ, ಮಾಹಿತಿಯನ್ನು ಮುಂದಕ್ಕೆ ದಾಟಿಸುವ ಯಂತ್ರವಾದ ರೂಟರ್ ಕೂಡ ದಾರಿಯ ಒಂದು ಭಾಗ; ಅದಕ್ಕೆ ಕರೆಂಟ್ ಬೇಕು. ಸಂಜೆ ಬಾಗಿಲು ಹಾಕುವಾಗ ಸಿಬ್ಬಂದಿ ಮೇನ್ ಸ್ವಿಚ್ ಆರಿಸುವುದು ನಮ್ಮ ಕಚೇರಿಗಳಲ್ಲಿ ಒಳ್ಳೆಯ ಅಭ್ಯಾಸವೆಂದೇ ಬೆಳೆದುಬಂದಿದೆ. ಒಂದೇ ಉಂಗುರದ ಎರಡು ಕಚೇರಿಗಳಲ್ಲಿ ಹೀಗಾದರೆ, ಅವುಗಳ ನಡುವೆ ಸಿಕ್ಕ ಪಂಚಾಯಿತಿಗಳು, ಅವನ್ನೇ ನಂಬಿದ ಆಸ್ಪತ್ರೆ, ಶಾಲೆ, ಮನೆಗಳ ಸಂಪರ್ಕವೂ ಸೇರಿ, ಕೇಬಲ್ ಎಲ್ಲೂ ಕಡಿಯದಿದ್ದರೂ ದ್ವೀಪವಾಗಿ ಉಳಿಯುತ್ತವೆ. ಆದ್ದರಿಂದ ರೂಟರ್‌ಗೆ ಕಚೇರಿಯ ಸ್ವಿಚ್‌ನಿಂದ ಬೇರೆಯಾದ ವಿದ್ಯುತ್ ಲೈನು ಮತ್ತು ಮಳೆಗಾಲದ ದೀರ್ಘ ಕಡಿತವನ್ನು ತಾಳುವ ಬ್ಯಾಟರಿ ಇರಲೇಬೇಕು. ಒಂದು ಉಂಗುರಕ್ಕೆ ಎಷ್ಟು ಪಂಚಾಯಿತಿ ಸೇರಿಸಬಹುದು ಎಂಬುದಕ್ಕೂ ಮಿತಿ ಬೇಕು. ಉಂಗುರ ದೊಡ್ಡದಾದಷ್ಟೂ ಒಂದೇ ದಿನ ಎರಡು ಕಡೆ ತೊಂದರೆಯಾಗುವ ಸಂಭವ ಹೆಚ್ಚು.

ಅಗೆಯುವ ಮುನ್ನ ಕೇಬಲ್ ಮಾಲೀಕರಿಗೆ ತಿಳಿಸಲೆಂದು 2023ರ ಮಾರ್ಚ್‌ನಲ್ಲಿ ಬಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್‌ನ ಬಳಕೆಯನ್ನು ಲೋಕೋಪಯೋಗಿ ಮತ್ತು ಕುಡಿಯುವ ನೀರಿನ ಕಾಮಗಾರಿಗಳ ಟೆಂಡರ್‌ನಲ್ಲೇ ಷರತ್ತಾಗಿ ಸೇರಿಸಬೇಕು. ಅದಕ್ಕಿಂತ ಮುಖ್ಯವಾಗಿ, ಪ್ರತಿ ತಾಲ್ಲೂಕಿನ ಉಂಗುರಗಳು ಯಾವ ಯಾವ ರಸ್ತೆಯಲ್ಲಿ ಹಾದುಹೋಗುತ್ತವೆ ಎಂಬ ನಕ್ಷೆಯನ್ನು ಗುಂಡಿ ತೋಡುವ ಮೊದಲೇ ಗ್ರಾಮಸಭೆಯ ಮುಂದೆ ಇಡಬೇಕು. ಯಾವ ರಸ್ತೆ ಮಳೆಗಾಲದಲ್ಲಿ ಕುಸಿಯುತ್ತದೆ, ಯಾವುದು ಮುಂದಿನ ವರ್ಷ ಅಗಲವಾಗಲಿದೆ ಎಂಬುದು ಊರಿನವರಿಗೆ ಗೊತ್ತಿರುತ್ತದೆ. ಕಾಮಗಾರಿ ಮುಗಿದ ಮೇಲೆ ಪ್ರತಿ ಉಂಗುರದ ಒಂದು ಕೊಂಡಿಯನ್ನು ಬೇಕೆಂದೇ ಬಿಚ್ಚಿ, ಎಲ್ಲ ಪಂಚಾಯಿತಿಗಳೂ ಸಂಪರ್ಕದಲ್ಲಿ ಉಳಿದದ್ದನ್ನು ಪಿಡಿಒಗಳ ಸಮಕ್ಷಮ ಪರೀಕ್ಷಿಸಿದ ನಂತರವೇ ಗುತ್ತಿಗೆದಾರರಿಗೆ ಕೊನೆಯ ಕಂತಿನ ಹಣ ಬಿಡುಗಡೆ ಮಾಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೂರಸಂಪರ್ಕ ಎಂಜಿನಿಯರ್, ಸಾಗರ ತಾಲ್ಲೂಕು