ಲೈಟೂ ‘ಪುಟ್ ಆಫ್’, ಇಂಟರ್‌ವ್ಯೂವೂ ‘ಪುಟ್ ಆಫ್’

ಮಾನ್ಯ ಸಂಪಾದಕರೇ,

ಉಡುಪಿಯ ನ್ಯಾಯಾಲಯದ ಹತ್ತಿರ ಇಪ್ಪತ್ತೆಂಟು ವರ್ಷಗಳಿಂದ ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಮೊದಲು ಮೆಷಿನು, ಈಗ ಕಂಪ್ಯೂಟರು. ತಮ್ಮ ವಿದ್ಯಾರ್ಥಿ ಪುಟದಲ್ಲಿ ದಿನಕ್ಕೊಂದು ಇಂಗ್ಲಿಷ್ ಪದ ಕೊಡುತ್ತೀರಲ್ಲ, ಜೆರಾಕ್ಸಿಗೆ ಬರುವ ಮಕ್ಕಳು ಅದನ್ನು ನನ್ನ ಮೇಜಿನ ಮೇಲಿಂದಲೇ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಆ ಪುಟವನ್ನು ಅವರು ಎಷ್ಟು ನಂಬಿದ್ದಾರೆಂದು ಕಣ್ಣಾರೆ ನೋಡಿದವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಈ ಮಳೆಗಾಲದಲ್ಲಿ ಕಟಪಾಡಿ ಕಡೆಯ ಒಬ್ಬಳು ಹುಡುಗಿ, ಬಿ.ಕಾಂ. ಮುಗಿಸಿದವಳು, ಮಂಗಳೂರಿನ ಒಂದು ಕಂಪನಿಗೆ ನನ್ನಲ್ಲೇ ಅರ್ಜಿ ಟೈಪ್ ಮಾಡಿಸಿದ್ದಳು. ಇಂಟರ್‌ವ್ಯೂಗೆ ಕರೆ ಬಂತು. ಹೋಗಲು ಎರಡು ದಿನ ಇರುವಾಗ ಇನ್ನೊಂದು ಇಮೇಲ್ ಬಂತು: ‘ಪುಟ್ ಆಫ್ ಟಿಲ್ ಫರ್ದರ್ ನೋಟಿಸ್’. ಕೆಲಸ ತಪ್ಪಿಹೋಯಿತೆಂದು ಅವಳು ಆಮೇಲೆ ಇಮೇಲ್ ತೆರೆದೇ ನೋಡಲಿಲ್ಲ. ಮತ್ತೊಂದು ಕಡೆಗೆ ಅರ್ಜಿ ಹಾಕಲು ಬಂದವಳು ಹಳೆಯ ಬಯೋಡೇಟಾ ಹುಡುಕಲೆಂದು ನನ್ನ ಕಂಪ್ಯೂಟರಿನಲ್ಲಿ ಇಮೇಲ್ ತೆರೆದಳು. ಹೊಸ ದಿನಾಂಕ ತಿಳಿಸಿದ ಪತ್ರ ಅಲ್ಲೇ ಇತ್ತು. ಆ ದಿನ ಕಳೆದು ಒಂದು ವಾರವಾಗಿತ್ತು.

“ಲೈಟ್ ಪುಟ್ ಆಫ್ ಅಂದ್ರೆ ಆಯ್ತಲ್ಲ ಅಂಕಲ್, ಮತ್ತೆ ಎಂತ ಉಂಟು?” ಎಂದಳು. ಮರುದಿನ ಹೈಸ್ಕೂಲಿನ ನೋಟ್ಸ್ ಪುಸ್ತಕ ತಂದು ತೋರಿಸಿದಳು. ಬೈಂಡು ಹಾಕಿದ, ಅಂಚು ಮಾಸಿದ ಪುಸ್ತಕ. ಗೈಡಿನಿಂದ ನಕಲು ಮಾಡಿದ ಪಟ್ಟಿ, ಎಡಕ್ಕೆ ‘ಪುಟ್ ಆಫ್’, ಬಲಕ್ಕೆ ‘ಆರಿಸು’, ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತು. ಅದನ್ನು ನೋಡಿ ನನಗೆ ಬಹಳ ಸಂಕಟವಾಯಿತು. ಹುಡುಗಿ ಕಲಿತದ್ದನ್ನು ಮರೆತಿರಲಿಲ್ಲ, ಕಲಿತ ಹಾಗೆಯೇ ನಡೆದುಕೊಂಡಿದ್ದಳು.

‘ಆರಿಸು’ ತಪ್ಪು ಅರ್ಥವಲ್ಲ. ಆದರೆ ಪತ್ರ, ನೋಟಿಸುಗಳಲ್ಲಿ ‘ಪುಟ್ ಆಫ್’ ಎಂದರೆ ಮುಂದೂಡುವುದು. ಮಳೆಗೆ ಯಕ್ಷಗಾನದ ಆಟ ಮುಂದಿನ ಶನಿವಾರಕ್ಕೆ ಹೋದರೆ ‘ಪುಟ್ ಆಫ್’, ಆಟವೇ ಇಲ್ಲ ಎಂದಾದರೆ ‘ಕಾಲ್ ಆಫ್’. ಇವೆರಡರ ವ್ಯತ್ಯಾಸ ಒಂದು ಕೆಲಸದ ಬೆಲೆಯದ್ದು. ಇನ್ನೂ ಅರ್ಥಗಳಿವೆ. ಬಾಕಿ ಕೇಳಲು ಬಂದವನನ್ನು ‘ನಾಳೆ ಬಾ’ ಎಂದು ಸಾಗಹಾಕುವುದೂ ‘ಪುಟ್ ಆಫ್’. ವಾಸನೆಗೆ ಊಟವೇ ಬೇಡವೆನಿಸಿದರೆ, ಕೇರಂ ಆಡುವವ ಗುರಿ ಹಿಡಿಯುವಾಗ ಪಕ್ಕದವ ಮಾತಾಡಿ ಗಮನ ತಪ್ಪಿಸಿದರೆ, ಅಲ್ಲೂ ಅದೇ ಮಾತು.

ಸಮಾನಾರ್ಥಕ ಎಂದು ಕೊಡುವ ಪದಗಳಲ್ಲೂ ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಕೋರ್ಟಿನ ಬದಿಯಲ್ಲಿ ಕೂತವನಿಗೆ ಇದು ದಿನವೂ ಕಾಣುತ್ತದೆ. ಕೇಸು ನಡೆಯುತ್ತಿದ್ದು ಇನ್ನೊಂದು ವಾಯಿದೆಗೆ ಹೋದರೆ ‘ಅಡ್ಜರ್ನ್’. ಇನ್ನೂ ಶುರುವೇ ಆಗದ ಮದುವೆಯನ್ನು ಯಾರೂ ‘ಅಡ್ಜರ್ನ್’ ಮಾಡುವುದಿಲ್ಲ, ‘ಪೋಸ್ಟ್‌ಪೋನ್’ ಮಾಡುತ್ತಾರೆ. ಮಂಗಳೂರಿನ ಬಸ್ಸು ಬ್ಲಾಕಿನಲ್ಲಿ ಸಿಕ್ಕಿಬಿದ್ದರೆ ಅದು ಬರೀ ‘ಡಿಲೇ’. ನಾನು ಅರ್ಜಿಯಲ್ಲಿ ‘ಪೋಸ್ಟ್‌ಪೋನ್’ ಎಂದೇ ಹೊಡೆಯುತ್ತೇನೆ, ‘ಪುಟ್ ಆಫ್’ ಮಾತಿಗೆ, ಪರಿಚಯದವರ ಪತ್ರಕ್ಕೆ ಚೆನ್ನ. ‘ಅದನ್ನು ಮುಂದೂಡಿ’ ಎನ್ನಲು ‘ಪುಟ್ ಇಟ್ ಆಫ್’ ಎನ್ನಬೇಕು, ‘ಪುಟ್ ಆಫ್ ಇಟ್’ ಆಗದು. ಹೋಗುವುದನ್ನು ಮುಂದೂಡಿದರೆ ‘ಪುಟ್ ಆಫ್ ಗೋಯಿಂಗ್’, ‘ಟು ಗೋ’ ಅಲ್ಲ. ಬಯೋಡೇಟಾ ತಿದ್ದುವಾಗ ನನಗೆ ಪದೇ ಪದೇ ಸಿಗುವ ತಪ್ಪುಗಳು ಇವೇ.

ನಮ್ಮ ಮಕ್ಕಳಿಗೆ ಇದು ಕಷ್ಟವಾಗಬೇಕಾಗಿಲ್ಲ ಎನ್ನುವುದೇ ನನ್ನ ಮುಖ್ಯ ಮಾತು. ಕನ್ನಡದ ‘ಹಾಕು’ ನೋಡಿ. ಲೆಕ್ಕ ಹಾಕುತ್ತೇವೆ, ಗಾಳ ಹಾಕುತ್ತೇವೆ, ಮಣೆ ಹಾಕುತ್ತೇವೆ, ದೊಡ್ಡವರ ಮಾತಿಗೆ ಬಾಯಿ ಹಾಕುತ್ತೇವೆ, ಹೊಸ ಕೆಲಸಕ್ಕೆ ಕೈ ಹಾಕುತ್ತೇವೆ. ನೆರೆಯವನ ಜಾಗಕ್ಕೆ ಯಾರೋ ಕಣ್ಣು ಹಾಕಿದ ಎಂದರೆ ಕಣ್ಣು ಕಿತ್ತು ಅಂಗಳಕ್ಕೆ ಎಸೆದ ಎಂದು ಯಾವ ಮಗುವೂ ತಿಳಿಯುವುದಿಲ್ಲ. ಕೈಕೊಟ್ಟ, ಕೈಬಿಟ್ಟ, ಕೈಹಿಡಿದ, ಮೂರೂ ಕೈಯೇ, ಮೂರಕ್ಕೂ ಅರ್ಥ ಬೇರೆ. ಈ ಹಾದಿ ಮಕ್ಕಳಿಗೆ ಗೊತ್ತು. ಅದರಲ್ಲೇ ‘ಪುಟ್ ಆಫ್’ಗೆ ಕರೆದೊಯ್ದರೆ ಬೇಗ ತಲುಪುತ್ತಾರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳು ಒಂದು ಮಾತನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದನ್ನು ಸಣ್ಣಂದಿನಿಂದಲೇ ಮಾಡುತ್ತಿರುತ್ತಾರೆ.

ಇಂಗ್ಲಿಷರ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ನಿಘಂಟು ತಂದಾಗಲೇ, ಕ್ರಿಯಾಪದಕ್ಕೆ ಇಂಥ ಸಣ್ಣ ಪದ ಅಂಟುವುದರಿಂದ ಹೊರಗಿನವರಿಗೆ ತುಂಬಾ ಕಷ್ಟವಾಗುತ್ತದೆಂದು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಇತ್ತ ನಮ್ಮ ಮಂಗಳೂರಿನಲ್ಲೇ ಬಾಸೆಲ್ ಮಿಷನ್ನಿನಿಂದ 1894ರಲ್ಲಿ ಹೊರಬಂದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟನ್ನು ಬಿಡಿಸಿ ನೋಡಿ. ಪದಕ್ಕೆ ಅರ್ಥ ಕೊಟ್ಟು ಕೈತೊಳೆದುಕೊಂಡಿಲ್ಲ, ಗಾದೆಗಳನ್ನೂ ಪ್ರಯೋಗಗಳನ್ನೂ ಕೊಡುತ್ತಾ ಹೋಗಿದ್ದಾರೆ. ಪರದೇಶದಿಂದ ಬಂದು ನಮ್ಮ ಮಾತಿಗೆ ಅಷ್ಟು ಶ್ರಮಪಟ್ಟವರ ಊರಿನಲ್ಲಿ ಒಂದು ಪದಕ್ಕೆ ಒಂದೇ ಅರ್ಥದ ಪಟ್ಟಿ ನಮ್ಮ ಮಕ್ಕಳ ಪಾಲಿಗೆ ಬರಬಾರದು.

ತಮ್ಮ ಪುಟದಲ್ಲೂ ಈಗ ಪದದ ಎದುರು ಒಂದೇ ಅರ್ಥ ಬರುತ್ತಿದೆ. ದಿನಕ್ಕೊಂದು ಬೇಡ, ವಾರಕ್ಕೊಂದಾದರೂ ಸಾಕು. ಅರ್ಥ ಎಷ್ಟಿವೆಯೋ ಅಷ್ಟಕ್ಕೂ ಒಂದೊಂದು ವಾಕ್ಯ ಕೊಡಿ, ಆ ಮಾತಿಗೆ ಕನ್ನಡದಲ್ಲಿ ಜನ ಏನನ್ನುತ್ತಾರೆಂದು ಬರೆಯಿರಿ, ಯಾವುದು ಅರ್ಜಿಗೆ, ಯಾವುದು ಮಾತಿಗೆ ಎಂದು ತಿಳಿಸಿ. ಮೊದಲಿಗೆ ‘ಪುಟ್ ಆಫ್’ ಅನ್ನೇ ತೆಗೆದುಕೊಳ್ಳಬೇಕೆಂದು ವಿನಂತಿ. ಅದು ಬಂದ ದಿನ ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸುತ್ತೇನೆ.

– ಒಬ್ಬ ಬೆರಳಚ್ಚುಗಾರ, ಉಡುಪಿ